ದುಡಿಯಲಾರದ ಪ್ರಾಣಿಗೆ ಮದ್ದು ಯಾಕೆ?

ಕಳೆದ ತಿಂಗಳು ಕಾಪು ಪೇಟೆಯ ಒಂದು ಚಹಾದ ಹೋಟೆಲಿನಲ್ಲಿ ನಾವು ಕುಳಿತಿದ್ದೆವು. ಉಡುಪಿಯಿಂದ ತಂದ ಮದ್ದಿನ ಪೊಟ್ಟಣ ಮೇಜಿನ ಮೇಲಿತ್ತು. ಪರಿಚಯದ ಜೀನಸು ಅಂಗಡಿಯವರೊಬ್ಬರು ಅದನ್ನು ನೋಡಿ, ಮನೆಯಲ್ಲಿ ಯಾರಿಗೆ ಹುಷಾರಿಲ್ಲವೆಂದು ಕೇಳಿದರು. ನಾಯಿಗೆ ಎಂದೆವು.

"ಏನು ಮಾಸ್ಟ್ರೇ, ಮನುಷ್ಯರಿಗೇ ಮದ್ದಿಗೆ ಗತಿಯಿಲ್ಲದ ಊರಿನಲ್ಲಿ ನಾಯಿಗೆ ದಿನಾ ಎರಡು ಹೊತ್ತು ಮಾತ್ರೆಯಾ? ಇದು ಯಾವ ಸಮಾಜವಾದ?" ಎಂದರು ಅವರು. ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ನಮ್ಮ ಪಕ್ಷದ ಸಂಗಾತಿಯೊಬ್ಬರು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು.

ಆ ಹೊತ್ತಿಗೆ ನಾವೂ ನಕ್ಕು ಸುಮ್ಮನಾದೆವು. ಸುಮ್ಮನಾಗಬಾರದಾಗಿತ್ತು. ಅಂದು ಹೋಟೆಲಿನಲ್ಲಿ ಕೊಡದ ಉತ್ತರವನ್ನು ಇಂದು ಈ ಪತ್ರಿಕೆಯಲ್ಲಿ ಕೊಡುತ್ತೇವೆ. ಕೇಳಿದವರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಅಡಗಿ ಕುಳಿತಿದೆ. ಅದು ಕಾರ್ಮಿಕರಾದ ನಮ್ಮ ಕುತ್ತಿಗೆಗೇ ಬರತಕ್ಕದ್ದು.

ಮೊದಲು ನಮ್ಮ ಮನೆಯ ಲೆಕ್ಕವನ್ನು ಒಪ್ಪಿಸುತ್ತೇವೆ.

ನಮ್ಮ ಟಾಮಿ ಜಾತಿ ನಾಯಿಯಲ್ಲ. ಆರು ವರ್ಷಗಳ ಹಿಂದೆ ಮಳೆಗಾಲದಲ್ಲಿ ಶಿರ್ವದ ಬಸ್ಸು ನಿಲ್ಲುವಲ್ಲಿ ಯಾರೋ ಬಿಟ್ಟುಹೋಗಿದ್ದ ಊರ ನಾಯಿಯ ಮರಿ. ಮೂರು ವರ್ಷ ಅಂಗಳ ಕಾಯಿತು. ಆಮೇಲೆ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ತುಳಸಿಕಟ್ಟೆಯ ಬಳಿ ಬಿದ್ದು ನಾಲ್ಕೂ ಕಾಲುಗಳನ್ನು ಬಡಿಯತೊಡಗಿತು. ಬಾಯಲ್ಲಿ ನೊರೆ, ಕಣ್ಣು ತೆರೆದಿದ್ದರೂ ನಮ್ಮ ಗುರುತಿಲ್ಲ. ನೆರೆಮನೆಯ ಅಜ್ಜ ಕಬ್ಬಿಣದ ಬೀಗದಕೈ ತಂದರು. ಇನ್ನೊಬ್ಬರು ಹುಚ್ಚುನಾಯಿ, ಹೊಡೆದು ಹಾಕಿ ಎಂದರು. ವರ್ಷ ವರ್ಷ ಹುಚ್ಚಿನ ಚುಚ್ಚುಮದ್ದು ಹಾಕಿಸಿದ್ದ ಚೀಟಿ ಮನೆಯಲ್ಲಿತ್ತು. ಅದೊಂದು ಕಾಗದ ಅಂದು ಟಾಮಿಯ ಜೀವ ಉಳಿಸಿತು. ಪಶುವೈದ್ಯರು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಇದು ಮೂರ್ಛೆ ರೋಗ, ಮನುಷ್ಯರಲ್ಲಿ ಅಪಸ್ಮಾರ ಎನ್ನುತ್ತಾರಲ್ಲ ಅದೇ ಎಂದರು. ಪೂರ್ತಿ ಗುಣವಾಗುವುದಿಲ್ಲ, ಆದರೆ ಮದ್ದು ತಪ್ಪದಿದ್ದರೆ ಹತೋಟಿಯಲ್ಲಿ ಇರುತ್ತದೆ, ಜೀವನಪರ್ಯಂತ ಕೊಡಬೇಕು ಎಂದರು.

ಮದ್ದಿನ ಹೆಸರು ಫಿನೋಬಾರ್ಬಿಟೋನ್. ಹೊಸ ಮದ್ದೇನೂ ಅಲ್ಲ. 1912ರಲ್ಲೇ ಜರ್ಮನಿಯಲ್ಲಿ ಮನುಷ್ಯರ ಮೂರ್ಛೆ ರೋಗಕ್ಕೆ ಬಳಕೆಗೆ ಬಂದದ್ದು. ನೂರು ವರ್ಷ ದಾಟಿದ ಮದ್ದಾದುದರಿಂದ ಬೆಲೆಯೂ ಕಡಿಮೆ. ಒಂದು ಮಾತ್ರೆಗೆ ಒಂದು ಚಹಾದಷ್ಟೂ ಬೀಳುವುದಿಲ್ಲ. ಆದರೆ ಅದಕ್ಕೆ ಸಮಯದ ಕಟ್ಟುನಿಟ್ಟುಂಟು. ಬೆಳಗ್ಗೆ ಏಳಕ್ಕೆ ಕೊಟ್ಟರೆ ರಾತ್ರಿ ಏಳಕ್ಕೂ ಕೊಡಬೇಕು. ಒಮ್ಮೆಲೇ ನಿಲ್ಲಿಸಿದರೆ ರೋಗ ಮೊದಲಿಗಿಂತ ಜೋರಾಗಿ ತಿರುಗಿ ಬೀಳುತ್ತದೆ. ಈ ಮದ್ದು ತಿನ್ನುವ ಪ್ರಾಣಿಗೆ ಹಸಿವು ಹೆಚ್ಚು, ಬಾಯಾರಿಕೆ ಹೆಚ್ಚು, ಉಚ್ಚೆ ಹೆಚ್ಚು. ರಾತ್ರಿ ಎರಡಕ್ಕೆ ಬಾಗಿಲು ಕೆರೆದರೆ ಯಾರಾದರೂ ಎದ್ದು ಹೊರಗೆ ಬಿಡಬೇಕು. ಪಿತ್ತಕೋಶಕ್ಕೆ ಪೆಟ್ಟು ಬೀಳುತ್ತಿದೆಯೋ ಎಂದು ತಿಳಿಯಲು ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಬಾವಿಕಟ್ಟೆ ಮೇಲೆ, ಎತ್ತರದ ಜಗಲಿಯ ಅಂಚಿನಲ್ಲಿ ಮಲಗಲು ಬಿಡುವಂತಿಲ್ಲ. ಮೂರ್ಛೆ ಬಂದ ದಿನ, ಹೊತ್ತು, ಎಷ್ಟು ನಿಮಿಷ ಎಂದು ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದಿಡುತ್ತೇವೆ. ಮಾಸ್ತರಿಕೆ ಬಿಟ್ಟರೂ ಹಾಜರಿ ಬರೆಯುವ ಅಭ್ಯಾಸ ಬಿಟ್ಟಿಲ್ಲ.

ಕಾಯಿಲೆಯ ಪ್ರಾಣಿಯೊಂದನ್ನು ಮನೆಯಲ್ಲಿ ನೋಡಿಕೊಳ್ಳುವುದೆಂದರೆ ಇಷ್ಟು. ಮುದ್ದು ಮಾಡುವುದು ಇದರಲ್ಲಿ ಸ್ವಲ್ಪ, ಮಿಕ್ಕಿದ್ದೆಲ್ಲ ಕೆಲಸ. ಆ ಕೆಲಸ ಮಾಡುವವರು ಯಾರು ಎಂಬ ಪ್ರಶ್ನೆಗೆ ನಾವು ತಲೆ ತಗ್ಗಿಸಿಯೇ ಉತ್ತರ ಹೇಳಬೇಕಾಗಿದೆ.

ಕಳೆದ ವರ್ಷ ಒಂದು ಶನಿವಾರ ಕಾರ್ಕಳದಲ್ಲಿ ಗೇರುಬೀಜ ಕಾರ್ಖಾನೆಯ ಕಾರ್ಮಿಕರ ಸಭೆಯಿತ್ತು. ಮಾತ್ರೆ ಮುಗಿಯುತ್ತಾ ಬಂತು, ಬರುವಾಗ ತಾ ಎಂದು ಅಮ್ಮ ಎರಡು ದಿನಗಳಿಂದ ಹೇಳುತ್ತಿದ್ದರು. ನಾವು ಹೂಂ ಎಂದು ಮರೆತೆವು. ಶನಿವಾರ ಬೆಳಗ್ಗೆ ಕೊನೆಯ ಮಾತ್ರೆ ಆಯಿತು. ಸಭೆ ಮುಗಿಯುವಾಗ ರಾತ್ರಿ ಎಂಟೂವರೆ. ಒಂದು ಮದ್ದಿನ ಅಂಗಡಿಯಲ್ಲಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ದನದ ಡಾಕ್ಟ್ರ ಚೀಟಿ, ಇದಕ್ಕೆ ನಾವು ಈ ಮದ್ದು ಕೊಡುವುದಿಲ್ಲ" ಎಂದರು. ಇನ್ನೊಂದರಲ್ಲಿ ದಾಸ್ತಾನಿಲ್ಲ. ಮೂರನೆಯದು ಬಾಗಿಲು ಹಾಕಿತ್ತು. ಬರಿಗೈಯಲ್ಲಿ ಕೊನೆಯ ಬಸ್ಸು ಹತ್ತಿದೆವು. ಮರುದಿನ ಭಾನುವಾರ. ಆ ರಾತ್ರಿ ಟಾಮಿ ಬೆಳಗಾಗುವುದರೊಳಗೆ ನಾಲ್ಕು ಬಾರಿ ಬಿತ್ತು. ಅಮ್ಮ ಗೋಣಿಚೀಲ ಮಡಿಸಿ ಅದರ ತಲೆಯ ಅಡಿಗೆ ಇಟ್ಟು, ದೀಪ ಸಣ್ಣ ಮಾಡಿ, ಹತ್ತಿರ ಕುಳಿತಿದ್ದರು. ನಮ್ಮೊಡನೆ ಒಂದು ಮಾತೂ ಆಡಲಿಲ್ಲ. ಸೋಮವಾರ ಬೆಳಗ್ಗೆ ಪಶುವೈದ್ಯರು ಬಂದು ಚುಚ್ಚುಮದ್ದು ಕೊಟ್ಟ ಮೇಲೆ ನಿಂತಿತು. ಟಾಮಿ ಬದುಕಿತು; ಹಿಂಗಾಲಿನ ಬಲ ಬರಲು ಮತ್ತೆ ವಾರ ಹಿಡಿಯಿತು.

ಆ ದಿನದ ತಪ್ಪನ್ನೆಲ್ಲ ಮದ್ದಿನ ಅಂಗಡಿಯ ಮೇಲೆ ಹಾಕಿ ಬರೆದರೆ ಅದು ಅರ್ಧ ಸತ್ಯ. ಎರಡು ದಿನ ಮರೆತವರು ನಾವು. ದುಡಿಯುವವರ ಹಕ್ಕಿನ ಬಗ್ಗೆ ಒಂದು ಗಂಟೆ ಭಾಷಣ ಮಾಡಿ ಬಂದವರ ಮನೆಯಲ್ಲಿ, ಹಗಲು ಬೀಡಿ ಕಟ್ಟಿ ರಾತ್ರಿ ನಾಯಿ ಕಾಯ್ದವರು ಎಪ್ಪತ್ತರ ಹತ್ತಿರದ ಅಮ್ಮ. ನಮ್ಮ ಜಿಲ್ಲೆಯಲ್ಲಿ ಹೆಚ್ಚಿನ ಮನೆಗಳ ಕಥೆ ಇದೇ. ನಾಯಿ ತರುವವರು ಗಂಡಸರು. ಅದಕ್ಕೆ ಹೆಸರಿಡುವವರು ಮಕ್ಕಳು. ಕಾಯಿಲೆ ಬಿದ್ದ ಮೇಲೆ ಮಾತ್ರೆಯನ್ನು ಅನ್ನದ ಉಂಡೆಯಲ್ಲಿ ಅಡಗಿಸಿ ತಿನ್ನಿಸುವವರು, ಗಾಯ ತೊಳೆಯುವವರು, ವಾಂತಿ ಬಳಿಯುವವರು ಹೆಂಗಸರು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿಗಾದರೂ ಒಂದು ಲೆಕ್ಕವುಂಟು. ಈ ಕೆಲಸಕ್ಕೆ ಯಾವ ಲೆಕ್ಕವೂ ಇಲ್ಲ. ಅಂದಿನಿಂದ ರಾತ್ರಿಯ ಪಾಳಿ ನಮ್ಮದು. ಇದನ್ನು ಹೆಚ್ಚುಗಾರಿಕೆಗೆ ಹೇಳುತ್ತಿಲ್ಲ. ಬಹಳ ತಡವಾಗಿ ಬಂದ ಬುದ್ಧಿ ಎಂದೇ ಹೇಳುತ್ತೇವೆ.

ಈಗ ಹೋಟೆಲಿನ ಪ್ರಶ್ನೆಗೆ ಬರುತ್ತೇವೆ. "ಮನುಷ್ಯರಿಗೇ ಮದ್ದಿಲ್ಲ" ಎನ್ನುವುದು ಮೇಲಿನ ಮಾತು. ಅದರ ಅಡಿಯಲ್ಲಿರುವ ಮಾತು ಬೇರೆ: "ಅದರಿಂದ ಇನ್ನು ಏನು ಉಪಯೋಗ?" ಟಾಮಿ ಈಗ ಕಾವಲಿಗೆ ಬಾರದು. ಮದ್ದಿನ ಮಂಪರಿನಲ್ಲಿ ಅರ್ಧ ದಿನ ಮಲಗಿರುತ್ತದೆ. ಉಪಯೋಗವಿಲ್ಲದ್ದಕ್ಕೆ ಖರ್ಚು ಯಾಕೆ?

ಗಿರಣಿಯ ಸಂಗಾತಿಗಳೇ, ಈ ಮಾತನ್ನು ನೀವು ಎಲ್ಲಿಯೋ ಕೇಳಿಲ್ಲವೇ? ಅಕ್ಕಿ ಗಿರಣಿಯ ಧೂಳು ಕುಡಿದು ಕೆಮ್ಮು ಹತ್ತಿದವನನ್ನು ನೋಡಿ ಧಣಿಗಳು ಆಡುವ ಮಾತು ಇದೇ ತಾನೇ? ಹಂಚಿನ ಕಾರ್ಖಾನೆಯಲ್ಲಿ ಬೆನ್ನು ಬಿದ್ದವನಿಗೆ, ಗೇರುಬೀಜದ ಎಣ್ಣೆಯಿಂದ ಕೈ ಸುಟ್ಟುಕೊಂಡ ಅಕ್ಕನಿಗೆ, ಬೀಡಿಗೆ ಬಗ್ಗಿ ಬಗ್ಗಿ ಕುತ್ತಿಗೆ ತಿರುಗದ ಅಮ್ಮನಿಗೆ ಹೇಳಿದ ಮಾತು ಇದೇ ಅಲ್ಲವೇ? ದುಡಿಯುವಾಗ ಕೂಲಿ, ಬಿದ್ದಾಗ ಬೀದಿ ಎಂಬ ಈ ನ್ಯಾಯವನ್ನು ಮುರಿಯಲೆಂದೇ ಕಾರ್ಮಿಕರು ತಲೆಮಾರುಗಳಿಂದ ಹೋರಾಡಿದ್ದಾರೆ. 1948ರಲ್ಲಿ ಇ.ಎಸ್.ಐ. ಕಾಯ್ದೆ ಬಂದುದು ಆ ದಾರಿಯಲ್ಲೇ. ವಿಮೆಯಲ್ಲಿರುವ ಕಾರ್ಮಿಕ ಕಾಯಿಲೆ ಬಿದ್ದರೆ ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ಶೇಕಡಾ 70ರಷ್ಟು ಸಿಗಬೇಕು. ಪಟ್ಟಿಯಲ್ಲಿರುವ 34 ಬಗೆಯ ದೀರ್ಘ ಕಾಯಿಲೆಗಳಿಗೆ ಎರಡು ವರ್ಷದವರೆಗೂ ಶೇಕಡಾ 80ರಷ್ಟು ಸಿಗುವ ಏರ್ಪಾಡುಂಟು. ಇದರ ಹಿಂದಿನ ತತ್ವ ಒಂದೇ: ದುಡಿಯಲು ಆಗದ ದಿನವೂ ಅವನು ಮನುಷ್ಯನೇ, ಅವನನ್ನು ಹೊರಗೆ ಹಾಕುವಂತಿಲ್ಲ.

ಮನುಷ್ಯ ಬೇರೆ, ನಾಯಿ ಬೇರೆ ಎನ್ನುವಿರಿ. ಸರಿ, ಬೇರೆಯೇ. ಮಗುವಿಗೆ ಜ್ವರ ಬಂದ ದಿನ ಕೈಯಲ್ಲಿ ನೂರೇ ರೂಪಾಯಿ ಇದ್ದರೆ ಅದು ಮಗುವಿನ ಮದ್ದಿಗೇ ಹೋಗಬೇಕು. ಇದರಲ್ಲಿ ನಮಗೆ ಸಂಶಯವಿಲ್ಲ. ಆದರೆ ನಮ್ಮ ಕೈಯಲ್ಲಿ ನೂರೇ ರೂಪಾಯಿ ಉಳಿಯುವಂತೆ ಮಾಡಿದ್ದು ನಾಯಿಯಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮದ್ದು ಸಿಗದಿದ್ದರೆ ಅದನ್ನು ತಿಂದದ್ದು ನಾಯಿಯಲ್ಲ. ಬಡವನ ಮನೆಯ ಮಗುವನ್ನೂ ನಾಯಿಯನ್ನೂ ಒಂದೇ ತಟ್ಟೆಯ ಎದುರು ಕೂರಿಸಿ, ಇಬ್ಬರಲ್ಲಿ ಒಬ್ಬರನ್ನು ಆರಿಸಿಕೋ ಎನ್ನುವವರು, ತಟ್ಟೆ ಅಷ್ಟು ಸಣ್ಣದಾದುದು ಹೇಗೆ ಎಂದು ಎಂದೂ ಕೇಳುವುದಿಲ್ಲ. ಈ ಪ್ರಶ್ನೆಯನ್ನು ಮಣಿಪಾಲದ ಬಂಗಲೆಗಳ ಎದುರು, ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಹೋಗುವ ವಿದೇಶೀ ತಳಿಯ ನಾಯಿಯ ಎದುರು ಯಾರೂ ಕೇಳಿದ್ದನ್ನು ನಾವು ಕಂಡಿಲ್ಲ. ಪ್ರೀತಿಯ ಮೇಲೂ ಲೆಕ್ಕ ಕೇಳುವುದು ಬಡವನ ಮನೆಯಲ್ಲಿ ಮಾತ್ರ.

ಅಂಗಡಿಯ ಬಂಧುಗಳಿಗೂ ಒಂದು ಮಾತು. ನಿಮ್ಮ ಅಕ್ಕಿಯ ಮೂಟೆಗಳ ನಡುವೆ ಒಂದು ಬೆಕ್ಕು ಇದೆಯಲ್ಲ, ಹತ್ತು ವರ್ಷ ಇಲಿಗಳಿಂದ ನಿಮ್ಮ ಬಂಡವಾಳ ಕಾಯ್ದದ್ದು? ಈಗ ಅದು ಸೊರಗಿದೆ, ಸುಮ್ಮನೆ ನೀರು ಕುಡಿಯುತ್ತದೆ, ಮೈಯ ರೋಮ ಹೊಳಪು ಕಳೆದುಕೊಂಡಿದೆ. ಮುದಿ ಬೆಕ್ಕುಗಳಿಗೆ ಮೂತ್ರಪಿಂಡದ ಕಾಯಿಲೆ ಬಹಳ ಸಾಮಾನ್ಯ. ಅದರ ಗುರುತುಗಳೇ ಇವು. ಅದನ್ನು ಗೋಣಿಯಲ್ಲಿ ಕಟ್ಟಿ ಮೀನು ಮಾರ್ಕೆಟಿನ ಹಿಂದೆ ಬಿಟ್ಟು ಬರುವುದು, ಅಲ್ಲಿ ಮೀನು ತಿಂದುಕೊಂಡು ಇರಲಿ ಎನ್ನುವುದು ನಮ್ಮ ಪೇಟೆಗಳ ರೂಢಿ. ಕಾಯಿಲೆಯ ಬೆಕ್ಕು ಹೊಸ ಜಾಗದಲ್ಲಿ ಮೀನು ತಿಂದು ಸುಖವಾಗಿ ಇರುವುದಿಲ್ಲ. ನಾಲ್ಕು ದಿನದಲ್ಲಿ ಸಾಯುತ್ತದೆ. ನಾವು ನೋಡಲು ಇರುವುದಿಲ್ಲ, ಅಷ್ಟೆ.

ಹೀಗೆ ಬಿಟ್ಟು ಬರುವುದು ಕಾನೂನಿನ ಪ್ರಕಾರ ಅಪರಾಧ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಗಟ್ಟುವ ಕಾಯ್ದೆ ಬಂದುದು 1960ರಲ್ಲಿ. ಪ್ರಾಣಿಯನ್ನು ಸಾಕಿದವನು ಅದರ ಯೋಗಕ್ಷೇಮ ನೋಡಬೇಕು, ಹಸಿವು ಬಾಯಾರಿಕೆಯಿಂದ ನರಳುವಂತೆ ಅದನ್ನು ಬಿಟ್ಟುಹೋಗಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಮೊದಲ ತಪ್ಪಿಗೆ ಬರೆದ ದಂಡ ಎಷ್ಟು ಗೊತ್ತೇ? ಹತ್ತು ರೂಪಾಯಿಗೆ ಕಡಿಮೆಯಿಲ್ಲ, ಐವತ್ತು ರೂಪಾಯಿಗೆ ಹೆಚ್ಚಿಲ್ಲ. 1960ರಲ್ಲಿ ಐವತ್ತು ರೂಪಾಯಿ ಒಂದು ಮೊತ್ತವಾಗಿತ್ತು. 2022ರಲ್ಲಿ ತಿದ್ದುಪಡಿಯ ಕರಡೊಂದನ್ನು ಪ್ರಕಟಿಸಿ ಕೇಂದ್ರ ಸರ್ಕಾರ ಜನರ ಅಭಿಪ್ರಾಯ ಕೇಳಿತು, ಕೇಳಿ ಸುಮ್ಮನಾಯಿತು. ಸಾವಿರಾರು ರೂಪಾಯಿ ಕೊಟ್ಟು ಜಾತಿ ನಾಯಿ ತಂದವನಿಗೆ, ಅದಕ್ಕೆ ಚರ್ಮ ರೋಗ ಬಂದು ಅಂದ ಕೆಟ್ಟಾಗ, ಕಾರಿನಲ್ಲಿ ಕೂರಿಸಿ ಘಾಟಿಯ ದಾರಿಯಲ್ಲಿ ಇಳಿಸಿ ಬರಲು ಐವತ್ತು ರೂಪಾಯಿಯ ಹೆದರಿಕೆಯೇ? ಮಣಿಪಾಲದ ಬಾಡಿಗೆ ಕೋಣೆಗಳಲ್ಲಿ ಬೆಕ್ಕು ಸಾಕಿ, ಓದು ಮುಗಿದ ದಿನ ಪೆಟ್ಟಿಗೆ ಕಟ್ಟಿ ಬೆಕ್ಕನ್ನು ಮೆಟ್ಟಿಲಲ್ಲಿ ಬಿಟ್ಟು ಹೋಗುವವರೂ ಉಂಟು. ಬಿಟ್ಟವರು ಹೋದರು. ಆ ಪ್ರಾಣಿಯ ಹುಣ್ಣು, ಹಸಿವು, ಮರಿಗಳೆಲ್ಲ ಊರಿಗೆ ಉಳಿದವು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯ ಬೀದಿನಾಯಿಗಳ ಬಗ್ಗೆ ಆಜ್ಞೆ ಮಾಡಿ, ಹನ್ನೊಂದೇ ದಿನದಲ್ಲಿ ಅದನ್ನು ಮಾರ್ಪಡಿಸಿತು. ದೇಶವೆಲ್ಲ ಬೀದಿನಾಯಿಯ ಚರ್ಚೆ ಮಾಡಿತು. ಮನೆಯ ನಾಯಿಯನ್ನು ಬೀದಿಗೆ ತಳ್ಳಿದವರ ಚರ್ಚೆ ಅಷ್ಟು ಕೇಳಿಸಲಿಲ್ಲ.

ಇನ್ನು ಸರ್ಕಾರದ ಲೆಕ್ಕ. 1953ರಲ್ಲಿ ಮಣಿಪಾಲದ ಬೋಳು ಗುಡ್ಡೆಯ ಮೇಲೆ ಡಾಕ್ಟರ್ ಟಿ. ಎಂ. ಎ. ಪೈಗಳು ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಇಂದು ದೂರದ ಜಿಲ್ಲೆಗಳಿಂದಲೂ ರೋಗಿಗಳು ಅಲ್ಲಿಗೆ ಬರುತ್ತಾರೆ. ಅದೇ ಉಡುಪಿ ಜಿಲ್ಲೆಯಲ್ಲಿ ಒಂದು ಪಶುವೈದ್ಯ ಕಾಲೇಜು ಇಲ್ಲ. ಬೆಂಗಳೂರಿನ ಹೆಬ್ಬಾಳದ ಕಾಲೇಜು ಆರಂಭವಾದುದು 1958ರಲ್ಲಿ. ಕಾರ್ಕಳದವನು ಕಾಲೇಜಿನ ಆಸ್ಪತ್ರೆಗೆ ತನ್ನ ಪ್ರಾಣಿಯನ್ನು ತೋರಿಸಬೇಕಾದರೆ ಹೆಬ್ರಿ ದಾಟಿ, ಆಗುಂಬೆ ಘಾಟಿ ಹತ್ತಿ, ತೀರ್ಥಹಳ್ಳಿಯ ಮೇಲೆ ಶಿವಮೊಗ್ಗಕ್ಕೆ ಹೋಗಬೇಕು. ಮೂರ್ಛೆ ಬರುವ ನಾಯಿಯನ್ನು ಯಾವ ಬಸ್ಸಿನವನು ಹತ್ತಿಸಿಕೊಳ್ಳುತ್ತಾನೆ?

ತಾಲೂಕು ಊರುಗಳಲ್ಲಿ ಪಶು ಆಸ್ಪತ್ರೆಗಳಿವೆ. ಅಲ್ಲಿರುವ ವೈದ್ಯರನ್ನು ನಾವು ದೂರುವುದಿಲ್ಲ; ಹಟ್ಟಿಯಿಂದ ಹಟ್ಟಿಗೆ ಸುತ್ತಿ, ಮಧ್ಯರಾತ್ರಿ ಕರು ಹಾಕಿಸುವವರು ಅವರು. ದೂರು ಇರುವುದು ಅವರಿಗೆ ಕೆಲಸ ಹಂಚಿಕೊಟ್ಟ ಲೆಕ್ಕಾಚಾರದ ಮೇಲೆ. ಆ ಲೆಕ್ಕದಲ್ಲಿ ಹಾಲು ಕೊಡುವುದು ಪ್ರಾಣಿ, ಮೊಟ್ಟೆ ಕೊಡುವುದು ಪ್ರಾಣಿ. ಕಾಲುಬಾಯಿ ಜ್ವರಕ್ಕೆ ಲಸಿಕೆ ಉಂಟು, ಕೃತಕ ಗರ್ಭಧಾರಣೆ ಉಂಟು, 1962ಕ್ಕೆ ಫೋನು ಮಾಡಿದರೆ ದನಕರುಗಳಿಗೆ ಬರುವ ಸಂಚಾರಿ ವಾಹನವುಂಟು. ಇವೆಲ್ಲ ಬೇಕು, ಬಹಳ ಬೇಕು. ಆದರೆ ದಿನವೂ ಮಾತ್ರೆ ಬೇಕಾದ ನಾಯಿಗೆ, ಇನ್ಸುಲಿನ್ ಬೇಕಾದ ಸಕ್ಕರೆ ಕಾಯಿಲೆಯ ಬೆಕ್ಕಿಗೆ, ಉಣ್ಣೆಯಿಂದ ಜ್ವರ ಬಂದು ಮೂರು ನಾಲ್ಕು ವಾರ ಮದ್ದು ತಿನ್ನಬೇಕಾದ ಊರ ನಾಯಿಗೆ ಹೊರಗೆ ತೆಗೆದುಕೊಳ್ಳಿ ಎಂದು ಚೀಟಿ ಬರೆಯುತ್ತಾರೆ. ಹೊರಗೆ ಹೋದರೆ ದನದ ಡಾಕ್ಟ್ರ ಚೀಟಿಗೆ ಕೊಡುವುದಿಲ್ಲ ಎನ್ನುತ್ತಾರೆ. ನಡುವೆ ಬಡವನು ಚೀಟಿ ಹಿಡಿದು ನಿಂತಿರುತ್ತಾನೆ.

ನಮ್ಮವರಿಗೆ ಪ್ರಾಣಿಯ ಆರೈಕೆ ಗೊತ್ತಿಲ್ಲವೆಂದು ಯಾರೂ ಹೇಳಲಾರರು. ಮಿಯಾರಿನ, ಕಟಪಾಡಿಯ ಕಂಬಳದ ಗದ್ದೆಗೆ ಇಳಿಯುವ ಕೋಣಗಳನ್ನು ನೋಡಿ. ಹುರುಳಿ ಬೇಯಿಸಿ ಹಾಕುವುದೇನು, ಎಣ್ಣೆ ಹಚ್ಚಿ ತಿಕ್ಕುವುದೇನು, ಹಟ್ಟಿಗೆ ಫ್ಯಾನು ಹಾಕುವುದೇನು, ನೋಡಿಕೊಳ್ಳಲು ಬೇರೆಯೇ ಆಳು ಇಡುವುದೇನು! ನಾವು ಕಂಬಳದ ವಿರೋಧಿಗಳಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಅನುಮತಿ ಎತ್ತಿಹಿಡಿದಾಗ ಊರಿನವರ ಜೊತೆ ನಾವೂ ಸಂತೋಷಪಟ್ಟವರೇ. ಹೇಳುವುದಿಷ್ಟು: ಗೆಲ್ಲುವ ಪ್ರಾಣಿಗೆ ಎಷ್ಟು ಬೇಕಾದರೂ ಆರೈಕೆ ಸಿಗುತ್ತದೆ. ಸೋತು ಮಲಗಿದ ಪ್ರಾಣಿಯ ಬಳಿ ಕೂರುವವರು ಯಾರು ಎಂಬುದರಿಂದ ನಮ್ಮ ಮನಸ್ಸಿನ ಪರೀಕ್ಷೆಯಾಗುತ್ತದೆ.

ಇದು ಬಡವರಿಗೆ ಸಲ್ಲದ ಚಿಂತೆ, ಪಾಶ್ಚಾತ್ಯರ ಚಟ ಎನ್ನುವವರು ಸ್ವಲ್ಪ ಚರಿತ್ರೆ ಓದಬೇಕು. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಫೆರೆಟ್ ಎಂಬ ಪ್ರಾಣಿಯನ್ನು ಮನೆಯಲ್ಲಿ ಸಾಕುತ್ತಾರೆ. ನೋಡಲು ನಮ್ಮ ಮುಂಗುಸಿಯಂತೆ ಉದ್ದನೆಯ ಮೈ. (ನಮ್ಮ ಮುಂಗುಸಿಯನ್ನು ಯಾರೂ ಮನೆಯಲ್ಲಿ ಕಟ್ಟಿಹಾಕಲು ಹೋಗಬೇಡಿ, 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಅಡ್ಡ ಬರುತ್ತದೆ.) ಫೆರೆಟ್ ಯುರೋಪಿನ ರೈತರಿಗೆ ಬಿಲದಿಂದ ಮೊಲ ಓಡಿಸಿಕೊಡುತ್ತಿದ್ದ ದುಡಿಮೆಯ ಪ್ರಾಣಿ. ವಯಸ್ಸಾದ ಮೇಲೆ ಅದಕ್ಕೆ ಮೇದೋಜೀರಕ ಗ್ರಂಥಿಯಲ್ಲಿ ಗಂಟು ಬೆಳೆದು ರಕ್ತದ ಸಕ್ಕರೆ ಇಳಿಯುವ ಕಾಯಿಲೆ ಬಹಳ. ಸಾಕಿದವರು ಮೂರು ನಾಲ್ಕು ಗಂಟೆಗೊಮ್ಮೆ ಎದ್ದು ಮಾಂಸದ ಗಂಜಿ ತಿನ್ನಿಸುತ್ತಾರೆ, ದಿನವೂ ಮದ್ದು ಹಾಕುತ್ತಾರೆ, ಕುಸಿದು ಬಿದ್ದರೆ ವಸಡಿಗೆ ಜೇನು ಸವರಿ ಡಾಕ್ಟರಲ್ಲಿಗೆ ಓಡುತ್ತಾರೆ. ಶಿರ್ವದ ನಮ್ಮ ಅಮ್ಮನೂ ಆ ದೂರದ ಮನೆಯವರೂ ರಾತ್ರಿ ಎರಡು ಗಂಟೆಗೆ ಮಾಡುವ ಕೆಲಸ ಒಂದೇ.

ಅದೇ ಇಂಗ್ಲೆಂಡಿನಲ್ಲಿ, ಮೊದಲ ಮಹಾಯುದ್ಧ ನಡೆಯುತ್ತಿದ್ದ 1917ರಲ್ಲಿ, ಲಂಡನ್ನಿನ ಕೂಲಿಕಾರರ ಕೇರಿಯಾದ ವೈಟ್‌ಚಾಪೆಲ್‌ನಲ್ಲಿ ಮರಿಯಾ ಡಿಕಿನ್ ಎಂಬ ಹೆಂಗಸು ಒಂದು ನೆಲಮಾಳಿಗೆಯಲ್ಲಿ ಬಡವರ ಪ್ರಾಣಿಗಳಿಗೆಂದು ಧರ್ಮದ ಔಷಧಾಲಯ ತೆರೆದಳು. ಯುದ್ಧದ ಬಡತನದಲ್ಲಿ ಜನರೇ ಉಪವಾಸವಿದ್ದ ಕಾಲ. ಆದರೂ ಆ ಕೇರಿಯ ಜನ ತಮ್ಮ ಕುಂಟು ಕತ್ತೆ, ಕಜ್ಜಿ ನಾಯಿ, ಕಾಯಿಲೆಯ ಬೆಕ್ಕುಗಳನ್ನು ಹೊತ್ತು ತಂದರು. ಆ ಸಂಸ್ಥೆ ಇಂದಿಗೂ ಅಲ್ಲಿ ನಡೆಯುತ್ತಿದೆ. ನಮ್ಮ ದೇಶದಲ್ಲೇ ಮುಂಬಯಿಯ ಪರೇಲಿನಲ್ಲಿ, ಗಿರಣಿಗಳ ನಡುವೆ, ಬಾಯಿ ಸಾಕರ್‌ಬಾಯಿ ದಿನ್ಶಾ ಪೆಟಿಟ್ ಹೆಸರಿನ ಪ್ರಾಣಿಗಳ ಆಸ್ಪತ್ರೆ 19ನೆಯ ಶತಮಾನದಿಂದ ಇದೆ. ಪರೇಲಿನ ಹೋಟೆಲು, ಕ್ಯಾಂಟೀನುಗಳಲ್ಲಿ ಎಂಜಲು ಲೋಟ ತೊಳೆದ ನಮ್ಮ ಜಿಲ್ಲೆಯ ಎಷ್ಟೋ ಮಂದಿ ಅದರ ಗೇಟಿನ ಮುಂದೆ ಓಡಾಡಿದವರೇ. ಅದಕ್ಕೆ ಹಣ ಕೊಟ್ಟವರು ಗಿರಣಿ ಮಾಲೀಕರು. ಧಣಿಗಳ ದಾನದಿಂದ ಮುಂಬಯಿಯಲ್ಲಿ ಆದದ್ದು, ಜನರ ತೆರಿಗೆಯಿಂದ ಉಡುಪಿಯಲ್ಲಿ ಯಾಕೆ ಆಗಬಾರದು?

ಆಗುವವರೆಗೆ ಮನೆಯಲ್ಲಿ ನಾವು ಮಾಡಬೇಕಾದದ್ದೂ ಉಂಟು. ಅನುಭವದಿಂದಲೂ ವೈದ್ಯರಿಂದಲೂ ಕಲಿತ ಕೆಲವನ್ನು ಹೇಳುತ್ತೇವೆ.

ಮೂರ್ಛೆ ಬಂದ ಪ್ರಾಣಿಯ ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬೇಡಿ. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಎಂಬುದು ಸುಳ್ಳು. ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುವುದಕ್ಕೆ ಕಬ್ಬಿಣಕ್ಕೆ ಹೆಸರು ಬಂದಿದೆ. ಸುತ್ತಲಿನ ಕಲ್ಲು, ಕುರ್ಚಿ ಸರಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಒಂದೇ ದಿನ ಮತ್ತೆ ಮತ್ತೆ ಬಂದರೆ, ತಡಮಾಡದೆ ವೈದ್ಯರನ್ನು ಕರೆಯಿರಿ. ಚುಚ್ಚುಮದ್ದು ಹಾಕಿಸದ ನಾಯಿಗೆ ಹೊಸದಾಗಿ ಹೀಗಾದರೆ, ಸ್ವಭಾವ ಬದಲಾಗಿ ಜೊಲ್ಲು ಸುರಿದರೆ, ಹುಚ್ಚು ಎಂದೇ ಎಣಿಸಿ ದೂರ ನಿಲ್ಲಿ, ವೈದ್ಯರಿಗೆ ತಿಳಿಸಿ. ಕಚ್ಚಿದರೆ, ಜೊಲ್ಲು ಗಾಯಕ್ಕೆ ತಾಗಿದರೆ ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕರುಣೆಯ ಹೆಸರಿನಲ್ಲಿ ಮನೆಯವರ ಜೀವ ಪಣಕ್ಕಿಡಬಾರದು.

ನಮಗೆ ಜ್ವರಕ್ಕೆ ತಂದ ಪ್ಯಾರಾಸಿಟಮಾ‌ಲ್‌ ಮಾತ್ರೆಯನ್ನು ಬೆಕ್ಕಿಗೆ ಕೊಡಬೇಡಿ. ಒಂದೇ ಮಾತ್ರೆ ಅದನ್ನು ಕೊಲ್ಲಬಲ್ಲದು. ಮೈಕೈ ನೋವಿನ ಮಾತ್ರೆಗಳನ್ನು ನಾಯಿಗೂ ಹಾಕಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಿ ಮೂತ್ರಪಿಂಡ ಕೆಡುತ್ತದೆ. ಬೀಡಿಯ ಹೊಗೆಸೊಪ್ಪಿನ ಗೆರಸೆಯನ್ನು ಪ್ರಾಣಿಯ ಬಾಯಿಗೆ ಎಟುಕದಂತೆ ಇಡಿ; ಅದು ವಿಷ. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ತನ್ನಿ. ಇದನ್ನು ಹೇಳಲು ನಮಗಿಂತ ಯೋಗ್ಯರು ಯಾರೂ ಇಲ್ಲ.

ಇನ್ನೊಂದು ಕಷ್ಟದ ಮಾತು. ಎಷ್ಟು ನೋಡಿಕೊಂಡರೂ ನೋವು ತಗ್ಗದ, ತಿನ್ನಲಾಗದ, ಏಳಲಾಗದ ದಿನ ಬರಬಹುದು. ಆಗ ವೈದ್ಯರ ಸಲಹೆ ಕೇಳಿ, ಅವರ ಕೈಯಿಂದ ನೋವಿಲ್ಲದ ಸಾವು ಕೊಡಿಸುವುದು ಕ್ರೌರ್ಯವಲ್ಲ. ಇಲಿ ಪಾಷಾಣ ಹಾಕುವುದು, ಗೋಣಿಯಲ್ಲಿ ಕಟ್ಟಿ ಹೊಳೆಗೆ ಎಸೆಯುವುದು, ಪೇಟೆಯಲ್ಲಿ ಬಿಟ್ಟು ಬರುವುದು ಕ್ರೌರ್ಯ. ಮೊದಲನೆಯದರಲ್ಲಿ ನಾವು ಕೊನೆಯವರೆಗೆ ಹತ್ತಿರ ಇರುತ್ತೇವೆ. ಎರಡನೆಯದರಲ್ಲಿ ಬೆನ್ನು ತಿರುಗಿಸಿ ಓಡುತ್ತೇವೆ.

ನಾವು ಸರ್ಕಾರವನ್ನು ಕೇಳುವುದು ಬೆಟ್ಟದಷ್ಟೇನಲ್ಲ. ಉಡುಪಿ, ಕಾಪು, ಕಾರ್ಕಳದ ಪಶು ಆಸ್ಪತ್ರೆಗಳಲ್ಲಿ ದೀರ್ಘ ಕಾಯಿಲೆಯ ಅಗ್ಗದ ಮದ್ದುಗಳ ದಾಸ್ತಾನು ಇರಲಿ. ಪಶುವೈದ್ಯರ ಚೀಟಿಗೆ ಮದ್ದು ಕೊಡುವುದು ಹೇಗೆಂದು ಮದ್ದಿನ ಅಂಗಡಿಗಳಿಗೆ ಇಲಾಖೆ ಬರವಣಿಗೆಯಲ್ಲಿ ತಿಳಿಸಲಿ. ಕಟ್ಟುನಿಟ್ಟು ಬೇಡವೆಂದು ನಾವು ಹೇಳುವುದಿಲ್ಲ, ಕಟ್ಟುನಿಟ್ಟಿನ ನಡುವೆ ದಾರಿಯೊಂದು ಇರಲಿ ಎನ್ನುತ್ತೇವೆ. ವಾರಕ್ಕೊಂದು ಸಂಜೆ, ಗಿರಣಿ ಬಿಟ್ಟ ಮೇಲೆ, ಏಳರವರೆಗೆ ಸಾಕುಪ್ರಾಣಿಗಳನ್ನು ನೋಡಲಿ. ಹಗಲು ಹೋದರೆ ನಮ್ಮ ಒಂದು ದಿನದ ಕೂಲಿ ಹೋಗುತ್ತದೆ. ಜಿಲ್ಲೆಯಲ್ಲಿ ಒಂದು ಕಡೆಯಾದರೂ ರಕ್ತ ಪರೀಕ್ಷೆ ಕಡಿಮೆ ಖರ್ಚಿನಲ್ಲಿ ಆಗಲಿ. ಖಾಲಿ ಬಿದ್ದ ವೈದ್ಯರ ಹುದ್ದೆಗಳನ್ನು ತುಂಬಲಿ. 1960ರ ಐವತ್ತು ರೂಪಾಯಿಯನ್ನು ಇಂದಿನ ಕಾಲಕ್ಕೆ ತರಲಿ.

ಈ ಬೇಡಿಕೆಗಳನ್ನು ಬರೆದ ಮನವಿ ಪತ್ರ ನಮ್ಮ ಕಚೇರಿಯಲ್ಲಿದೆ. ಮುಂದಿನ ವಾರದಿಂದ ಸಂಗಾತಿಗಳು ಅದನ್ನು ಹಿಡಿದು ಗಿರಣಿಯ ಬಾಗಿಲಿಗೂ ಅಂಗಡಿ ಸಾಲಿಗೂ ಬರುತ್ತಾರೆ. ಹೋಟೆಲಿನಲ್ಲಿ ಗಟ್ಟಿಯಾಗಿ ನಕ್ಕ ಸಂಗಾತಿಯನ್ನು ಕಾಪು ಪೇಟೆಯ ಭಾಗಕ್ಕೆ ಒಪ್ಪಿಸಿದ್ದೇವೆ. ಅವರ ಮನೆಯ ಬೆಕ್ಕಿಗೂ ಈಗ ಕಣ್ಣು ಸರಿಯಿಲ್ಲವಂತೆ. ಸಹಿ ಹಾಕುವಾಗ ಮನೆಯ ಹೆಂಗಸರ ಸಹಿಯನ್ನು ಮೊದಲು ಹಾಕಿಸಿ, ನಿಮ್ಮದನ್ನು ಕೆಳಗೆ ಹಾಕಿ. ಕೆಲಸ ಮಾಡಿದವರ ಹೆಸರು ಮೇಲೆ ಇರಲಿ.

ಗಂಟೆ ಏಳಾಗುತ್ತಾ ಬಂತು. ಟಾಮಿಗೆ ಮಾತ್ರೆಯ ಹೊತ್ತು. ಬರಹವನ್ನು ಇಲ್ಲಿಗೆ ನಿಲ್ಲಿಸುತ್ತೇವೆ.